ಸರ್ಕಾರಿ ಹಣದ ಸಂಶೋಧನೆಗೆ ಪೇಟೆಂಟ್: ಯಾವ ಕಾಗದ ಮೊದಲು, ಯಾವುದು ಆಮೇಲೆ

ವಿಶ್ವವಿದ್ಯಾಲಯದ ಪೇಟೆಂಟ್ ವಿಭಾಗಕ್ಕೆ ಪ್ರಾಧ್ಯಾಪಕರು ಹೊಸ ಯಂತ್ರದ ವಿವರ ತಂದಾಗ, ಪ್ರಾಜೆಕ್ಟಿನ ಮಂಜೂರಾತಿ ಪತ್ರವನ್ನೂ ಜೊತೆಗೇ ತರಿಸಿಕೊಳ್ಳುತ್ತೇವೆ. ಹಣ ಕೊಟ್ಟವರ ಷರತ್ತು ಅದರಲ್ಲಿರುತ್ತದೆ. ಅಮೆರಿಕದಲ್ಲಿ ಇದಕ್ಕೆಂದೇ 1980ರ ಬೇ-ಡೋಲ್ ಕಾಯ್ದೆ ಇದೆ. ನಮ್ಮಲ್ಲಿ ಅಂಥದೊಂದು ಮಸೂದೆ 2008ರಲ್ಲಿ ರಾಜ್ಯಸಭೆಗೆ ಬಂದರೂ ಕಾಯ್ದೆಯಾಗಲಿಲ್ಲ. ಹಾಗಾಗಿ ಒಂದೊಂದು ಇಲಾಖೆಯ ಷರತ್ತನ್ನೂ ಬೇರೆಯಾಗಿಯೇ ಓದಬೇಕು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ 2000ದ ಮಾರ್ಚ್ ಸೂಚನೆಗಳ ಪ್ರಕಾರ ಪೇಟೆಂಟನ್ನು ಸಂಸ್ಥೆ ತನ್ನ ಹೆಸರಲ್ಲಿ ಇಟ್ಟುಕೊಳ್ಳಬಹುದು. ಸಂಶೋಧಕರ ಪಾಲು ಗಳಿಕೆಯ ಮೂರನೇ ಒಂದು ಭಾಗ ಮೀರಬಾರದು, ಕನಿಷ್ಠ ಶೇ 25 ಪೇಟೆಂಟ್ ನಿಧಿಗೆ ಹೋಗಬೇಕು. ಸರ್ಕಾರ ತನ್ನ ಬಳಕೆಗೆ ರಾಯಧನ ಕೊಡಬೇಕಾಗಿಲ್ಲ. ಈ ಕೊನೆಯ ಮಾತನ್ನು ಲೈಸೆನ್ಸ್ ಕರಾರಿನಲ್ಲಿ ಬರೆಯದೆ ಬಿಟ್ಟರೆ, ಹಕ್ಕೆಲ್ಲ ತನಗೇ ಎಂದು ನಂಬಿ ಸಹಿ ಹಾಕಿದ ಕಂಪನಿಯ ಜೊತೆ ಮುಂದೆ ಜಗಳ ತಪ್ಪಿದ್ದಲ್ಲ.

ಎರಡನೆಯದು ಸಹಿ. ಸಂಶೋಧನಾ ವಿದ್ಯಾರ್ಥಿ ಸಂಸ್ಥೆಯ ನೌಕರನಲ್ಲ. ಅವನ ಹಕ್ಕು ತಾನಾಗಿ ಸಂಸ್ಥೆಗೆ ಬರುವುದಿಲ್ಲ, ಬರಹದಲ್ಲಿ ವರ್ಗಾಯಿಸಿಕೊಳ್ಳಬೇಕು. ಅರ್ಜಿ ಹಾಕಿದ 6 ತಿಂಗಳೊಳಗೆ ಹಕ್ಕಿನ ದಾಖಲೆ ಪೇಟೆಂಟ್ ಕಚೇರಿಗೆ ತಲುಪಬೇಕು. ಅಷ್ಟರಲ್ಲಿ ವಿದ್ಯಾರ್ಥಿ ಊರು ಬಿಟ್ಟು, ಫೋನ್ ನಂಬರ್ ಬದಲಾಯಿಸಿ, ಹೊರದೇಶದಲ್ಲಿರುತ್ತಾನೆ. ಆದ್ದರಿಂದ ಆವಿಷ್ಕಾರದ ವಿವರ ಕೊಡುವ ದಿನವೇ ಎಲ್ಲರ ಸಹಿ ಹಾಕಿಸಿಕೊಳ್ಳುತ್ತೇವೆ. ಮುಖ್ಯಸ್ಥರೆಂಬ ಗೌರವಕ್ಕೆ ಯಾರ ಹೆಸರನ್ನೂ ಆವಿಷ್ಕಾರಕರ ಪಟ್ಟಿಗೆ ಸೇರಿಸುವುದಿಲ್ಲ. ಪುಟಸಂಖ್ಯೆ ಹಾಕಿದ, ಹೊಲಿದ ಲ್ಯಾಬ್ ಪುಸ್ತಕದಲ್ಲಿ ಯಾರು ಏನು ಮಾಡಿದರೆಂಬುದು ತಾರೀಖು ಸಮೇತ ಇದ್ದರೆ ಈ ತಕರಾರು ಐದು ನಿಮಿಷದಲ್ಲಿ ಮುಗಿಯುತ್ತದೆ.

ಅರ್ಜಿಗೆ ಮೊದಲೇ ವಿಷಯ ಹೊರಬಿದ್ದರೆ ಹೊಸತನ ಹೋಯಿತು. ಪತ್ರಿಕೆಯ ಲೇಖನ ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಪಿಎಚ್.ಡಿ.ಯ ಮುಕ್ತ ವೈವಾ (ಮೌಖಿಕ ಪರೀಕ್ಷೆ), ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾಕ್ಕೆ ಏರಿಸಿದ ಪ್ರಬಂಧ, ಕೃಷಿ ಮೇಳದ ಮಳಿಗೆ ಮತ್ತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದ ವಿಡಿಯೊ. ನಮ್ಮ ಪೇಟೆಂಟ್ ಕಾಯ್ದೆಯ 31ನೇ ಕಲಂನಲ್ಲಿ 12 ತಿಂಗಳ ರಿಯಾಯಿತಿ ಇದೆ ನಿಜ. ಆದರೆ ಅದು ಸರ್ಕಾರ ಅಧಿಸೂಚಿಸಿದ ಪ್ರದರ್ಶನ, ವಿದ್ವತ್ ಸಂಘದ ಮುಂದೆ ಓದಿದ ಪ್ರಬಂಧ ಇಂಥ ಕೆಲವಕ್ಕೆ ಮಾತ್ರ. ಅದನ್ನು ನಂಬಿ ಮೇಳಕ್ಕೆ ಹೋಗಬೇಡಿ. ಮೇಳಕ್ಕೆ ವಾರ ಇರುವಾಗ ಪ್ರಾವಿಷನಲ್ ಅರ್ಜಿ, ಅಂದರೆ ತಾರೀಖು ಕಾಯ್ದಿರಿಸುವ ತಾತ್ಕಾಲಿಕ ಅರ್ಜಿ, ಹಾಕುವುದೇ ದಾರಿ. ಪೂರ್ಣ ವಿವರಣೆಗೆ ಅಲ್ಲಿಂದ 12 ತಿಂಗಳು ಸಿಗುತ್ತದೆ.

ಆದರೆ ಪ್ರಾವಿಷನಲ್ ಎಂದರೆ ಎರಡು ಪುಟದ ಸಾರಾಂಶವಲ್ಲ. ಕಾಳುಮೆಣಸು ಒಣಗಿಸುವ ಯಂತ್ರ ಎಂದಿಟ್ಟುಕೊಳ್ಳಿ. ಕರಡಿನಲ್ಲಿ ಬರುವುದು ಹೀಗೆ: ‘55 ಡಿಗ್ರಿ, 4 ತಟ್ಟೆ, ಕೆಳಗಿಂದ ಬಿಸಿಗಾಳಿ.’ ಆಗ ಕೂತು ಕೇಳಬೇಕು. 48 ಡಿಗ್ರಿಯಲ್ಲಿ ಆಗುವುದಿಲ್ಲವೇ? ಗಾಳಿ ಪಕ್ಕದಿಂದ ಬಂದರೆ? ಬಿಸಿ ಕರೆಂಟಿನ ಬದಲು ಕಟ್ಟಿಗೆ ಒಲೆಯದ್ದಾದರೆ? ಆಗುತ್ತದೆ ಎನ್ನುವುದನ್ನೆಲ್ಲ ಬರೆಯಬೇಕು, ಏಕೆಂದರೆ ಪ್ರಾವಿಷನಲ್‌ನಲ್ಲಿ ಇಲ್ಲದ ಸಂಗತಿಗೆ ಆ ತಾರೀಖು ಸಿಗದು. ಮಾತಾಡುತ್ತಾ ಹೋದರೆ ನಿಜವಾದ ಹೊಸತನ ತಟ್ಟೆಯಲ್ಲಿಲ್ಲ, ತೇವ ಇಳಿದಂತೆ ಗಾಳಿಯ ದಿಕ್ಕು ತಿರುಗಿಸುವ ಸಣ್ಣ ಬಾಗಿಲಿನಲ್ಲಿದೆ ಎಂದು ಗೊತ್ತಾಗಬಹುದು. ಮೊದಲ ಕ್ಲೇಮ್ (ಯಾವುದರ ಮೇಲೆ ಹಕ್ಕು ಎಂದು ಹೇಳುವ ವಾಕ್ಯ) ಆ ಬಾಗಿಲಿನ ಬಗ್ಗೆ ಇರಬೇಕು. ಅಲ್ಲಿ ‘ನಾಲ್ಕು ತಟ್ಟೆ’ ಎಂದು ಸೇರಿಸಿಬಿಟ್ಟರೆ ಮೂರು ತಟ್ಟೆಯ ಯಂತ್ರ ಮಾಡಿದವನು ತಪ್ಪಿಸಿಕೊಳ್ಳುತ್ತಾನೆ.

ಮಿಶ್ರಣಗಳ ಕಥೆ ಬೇರೆ. ಬರೀ ಕೂಡಿಕೆಗೆ 3(ಇ) ಕಲಂ ಪೇಟೆಂಟ್ ಕೊಡುವುದಿಲ್ಲ. ಒಂದು ಸಸ್ಯಸಾರ ಬೂಷ್ಟನ್ನು ಶೇ 20, ಇನ್ನೊಂದು ಶೇ 25 ತಡೆದು, ಎರಡೂ ಸೇರಿ ಶೇ 45 ತಡೆದರೆ ಅದು ಲೆಕ್ಕದ ಕೂಡಿಕೆಯಷ್ಟೇ. ಶೇ 70 ಬಂದರೆ ವಾದಕ್ಕೆ ಬಲ. ಹಾಗಾಗಿ ಒಂಟಿ ಸಾರದ ಪ್ರಯೋಗವನ್ನೂ ಅದೇ ಪ್ರಮಾಣದಲ್ಲಿ ಮಾಡಿಟ್ಟಿರಬೇಕು. ಇಲ್ಲಿಯ ಜೈವಿಕ ಸಂಪನ್ಮೂಲ ಬಳಸಿದ್ದರೆ, 2023ರ ತಿದ್ದುಪಡಿಯ ನಂತರ ಭಾರತೀಯ ಸಂಸ್ಥೆಗಳು ಪೇಟೆಂಟ್ ಮಂಜೂರಾಗುವ ಮೊದಲು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು, ಮಾರುಕಟ್ಟೆಗೆ ಇಳಿಸುವಾಗ ಅನುಮತಿ ಪಡೆಯಬೇಕು.

ಶುಲ್ಕಕ್ಕೆ ಹೆದರಬೇಕಿಲ್ಲ. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಶೇ 80 ರಿಯಾಯಿತಿ: ಆನ್‌ಲೈನ್ ಅರ್ಜಿಗೆ 8,000 ರೂಪಾಯಿಯ ಬದಲು 1,600, ಅರ್ಜಿಯನ್ನು ಪರೀಕ್ಷಿಸಿ ಎಂದು ಪೇಟೆಂಟ್ ಕಚೇರಿಗೆ ಕೊಡುವ ಕೋರಿಕೆಗೆ 20,000ದ ಬದಲು 4,000. ರಿಯಾಯಿತಿ ಕೇಳುವ ಫಾರಂ 28 ಜೊತೆಗಿರಬೇಕು. 30 ಪುಟ, 10 ಕ್ಲೇಮ್ ದಾಟಿದರೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ಪರೀಕ್ಷೆಯ ಕೋರಿಕೆಗೆ ಮೊದಲು 48 ತಿಂಗಳಿತ್ತು. 2024ರ ಮಾರ್ಚ್ 15ರಿಂದ ಹಾಕಿದ ಅರ್ಜಿಗಳಿಗೆ 31 ತಿಂಗಳು. ಹಳೆಯ ಲೆಕ್ಕ ತಲೆಯಲ್ಲಿಟ್ಟುಕೊಂಡು ಕೂತರೆ ಅರ್ಜಿ ಹಿಂತೆಗೆದುಕೊಂಡಂತೆಯೇ.

ಸಂಸ್ಥೆಗೆ ಎಲ್ಲಕ್ಕಿಂತ ಹೆಚ್ಚು ನಷ್ಟ ತರುವುದು ಜಂಟಿ ಒಡೆತನ. ಕಂಪನಿ ಸ್ವಲ್ಪ ಹಣ ಹಾಕಿ ‘ಇಬ್ಬರ ಹೆಸರಲ್ಲೂ ಇರಲಿ’ ಎನ್ನುತ್ತದೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ 50ನೇ ಕಲಂ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಒಬ್ಬ ಸಹಮಾಲೀಕ ಇನ್ನೊಬ್ಬರಿಗೆ ಲೆಕ್ಕ ಕೊಡದೆ ತಯಾರಿಸಿ ಮಾರಬಹುದು. ಮೂರನೆಯವರಿಗೆ ಲೈಸೆನ್ಸ್ ಕೊಡಲು ಮಾತ್ರ ಇಬ್ಬರ ಒಪ್ಪಿಗೆ ಬೇಕು. ಕಾರ್ಖಾನೆ ಇರುವುದು ಕಂಪನಿಗೆ. ಅದು ರಾಯಧನವಿಲ್ಲದೆ ಮಾರುತ್ತದೆ, ನಾವು ಇನ್ನೊಬ್ಬರಿಗೆ ಕೊಡಲೂ ಆಗದೆ ಉಳಿಯುತ್ತೇವೆ. ಮೇಲಾಗಿ, ದೊಡ್ಡ ಕಂಪನಿ ಸಹ ಅರ್ಜಿದಾರನಾದರೆ ಶುಲ್ಕದ ರಿಯಾಯಿತಿಯೂ ಹೋಯಿತು. ಆದ್ದರಿಂದ ಪೇಟೆಂಟ್ ಸಂಸ್ಥೆಯ ಹೆಸರಲ್ಲಿ, ಲೈಸೆನ್ಸ್ ಕೇಳುವ ಮೊದಲ ಅವಕಾಶ ಕಂಪನಿಗೆ ಎಂದು ಪ್ರಾಜೆಕ್ಟ್ ಶುರುವಾಗುವ ಮೊದಲೇ ಬರೆಸಿಕೊಳ್ಳುತ್ತೇವೆ.

ಲೈಸೆನ್ಸಿನಲ್ಲಿ ರಾಯಧನವನ್ನು ಲಾಭದ ಮೇಲೆ ಕಟ್ಟಬಾರದು, ಲಾಭವನ್ನು ಪುಸ್ತಕದಲ್ಲಿ ಕರಗಿಸಬಹುದು. ಜಿಎಸ್‌ಟಿ ಬಿಟ್ಟು, ಕಾರ್ಖಾನೆ ಬಾಗಿಲಿನ ಮಾರಾಟ ಬೆಲೆಯ ಮೇಲೆ ಕಟ್ಟಿ. ವರ್ಷಕ್ಕೊಂದು ಕನಿಷ್ಠ ಮೊತ್ತ, ಲೆಕ್ಕಪತ್ರ ನೋಡುವ ಹಕ್ಕು, ಎರಡು ವರ್ಷ ತಯಾರಿಸದಿದ್ದರೆ ಏಕಸ್ವಾಮ್ಯ (ಒಬ್ಬರಿಗೇ ಕೊಟ್ಟ ಲೈಸೆನ್ಸ್) ರದ್ದು ಎಂಬ ಮಾತು ಇರಲೇಬೇಕು. ಏಕಸ್ವಾಮ್ಯ ಎಲ್ಲಿ ಸರಿ? ಚುನಾವಣೆಯ ಅಳಿಸಲಾಗದ ಶಾಯಿ ಒಳ್ಳೆಯ ಉದಾಹರಣೆ. ರಾಷ್ಟ್ರೀಯ ಭೌತ ಪ್ರಯೋಗಾಲಯ ರೂಪಿಸಿದ ಅದನ್ನು 1962ರಿಂದ ಮೈಸೂರು ಬಣ್ಣ ಮತ್ತು ಅರಗು ಕಾರ್ಖಾನೆ ತಯಾರಿಸುತ್ತಿದೆ. ಕೊಳ್ಳುವವರೂ ಬೆರಳೆಣಿಕೆ, ಗುಟ್ಟು ಉಳಿಯುವುದೂ ಮುಖ್ಯ. ರೈತರ ಯಂತ್ರಕ್ಕೆ ಆ ಲೆಕ್ಕ ಒಗ್ಗದು. ಜಿಲ್ಲೆಗೊಂದು ವರ್ಕ್‌ಶಾಪಿಗೆ ಕಡಿಮೆ ಶುಲ್ಕಕ್ಕೆ ಕೊಟ್ಟರೆ ರಿಪೇರಿಯೂ ಹತ್ತಿರ ಸಿಗುತ್ತದೆ, ಜನರ ಹಣದ ಕೆಲಸ ಜನರ ಕೈಗೂ ಸೇರುತ್ತದೆ.

ಪೇಟೆಂಟ್ ಮಂಜೂರಾದ ದಿನ ಸಂಭ್ರಮದಲ್ಲಿ ಮರೆಯುವುದು ನವೀಕರಣ, ಅಂದರೆ ಪೇಟೆಂಟ್ ಉಳಿಸಿಕೊಳ್ಳಲು ವರ್ಷ ವರ್ಷ ಕಟ್ಟುವ ಶುಲ್ಕ. ಮಂಜೂರಾತಿ ತಡವಾಗಿದ್ದರೆ ಮೂರನೇ ವರ್ಷದಿಂದ ಬಾಕಿಯಾದ ಶುಲ್ಕವನ್ನೆಲ್ಲ, ರಿಜಿಸ್ಟರಿನಲ್ಲಿ ದಾಖಲಾದ ಮೂರು ತಿಂಗಳೊಳಗೆ ಒಟ್ಟಿಗೆ ಕಟ್ಟಬೇಕು. ಶಿಕ್ಷಣ ಸಂಸ್ಥೆಗಳಿಗೆ 3ರಿಂದ 6ನೇ ವರ್ಷದವರೆಗೆ ವರ್ಷಕ್ಕೆ 800 ರೂಪಾಯಿ, 7ರಿಂದ 10ರವರೆಗೆ 2,400. ಬಿದ್ದುಹೋದ ಪೇಟೆಂಟನ್ನು ಎಬ್ಬಿಸಲು 18 ತಿಂಗಳು ಅವಕಾಶವಿದೆ, ಕಾರಣ ಸಾಬೀತುಪಡಿಸಬೇಕು. ಏಳನೇ ವರ್ಷದ ಹೊಸ್ತಿಲಲ್ಲಿ ಪ್ರತಿ ಫೈಲನ್ನೂ ಬಿಚ್ಚಿ ನೋಡುತ್ತೇವೆ: ಲೈಸೆನ್ಸ್ ಆಗಿಲ್ಲ, ಕೇಳಿದವರೂ ಇಲ್ಲ ಎಂದಾದರೆ ಆವಿಷ್ಕಾರಕರಿಗೆ ಪತ್ರ ಬರೆದು, ಒಂದು ತಿಂಗಳು ಕಾದು, ಕಟ್ಟುವುದನ್ನು ನಿಲ್ಲಿಸುತ್ತೇವೆ.