ಮಣ್ಣಿನಿಂದ ಸ್ಟ್ರೆಪ್ಟೊಮೈಸಿಸ್ ಬೇರ್ಪಡಿಸಿ ಆಂಟಿಬಯಾಟಿಕ್ ಪರೀಕ್ಷಿಸುವ ಬಗೆ

1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ, ಸೆಲ್ಮನ್ ವಾಕ್ಸ್‌ಮನ್ ಪ್ರಯೋಗಾಲಯದ ಆಲ್ಬರ್ಟ್ ಶಾಟ್ಜ್ ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯಾಟಿಕ್ ಕಂಡುಹಿಡಿದಿದ್ದು ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದಲೇ. ಆ ಹುಡುಕಾಟದ ಮೊದಲ ಹಂತವನ್ನು ಕಾಲೇಜು ಲ್ಯಾಬಿನಲ್ಲಿ ನಾಲ್ಕೈದು ವಾರದಲ್ಲಿ ಮಾಡಬಹುದು. ತೊಡಕು ಒಂದೇ: ಸ್ಟ್ರೆಪ್ಟೊಮೈಸಿಸ್ ಬೆಳೆಯುವುದು ನಿಧಾನ, ಅಷ್ಟರಲ್ಲಿ ಬೂಷ್ಟು, ಬ್ಯಾಸಿಲಸ್ ಎಂಬ ಬೇರೆ ಬ್ಯಾಕ್ಟೀರಿಯಾಗಳು ಪ್ಲೇಟನ್ನೆಲ್ಲ ಆವರಿಸಿಬಿಡುತ್ತವೆ.

ಮೇಲಿನ ಕಸಕಡ್ಡಿ ಸರಿಸಿ, 10 ಸೆಂ.ಮೀ. ಆಳದ ಮಣ್ಣು ತೆಗೆಯಿರಿ. ನೆರಳಿನಲ್ಲಿ ಒಂದು ವಾರ ಒಣಗಿಸಿ, 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಡಿ. ಈ ಹಂತ ಬಿಡಬೇಡಿ. ಒಣ ಶಾಖಕ್ಕೆ ಬೇರೆ ಬ್ಯಾಕ್ಟೀರಿಯಾಗಳು ಬಹಳಷ್ಟು ಸಾಯುತ್ತವೆ, ಸ್ಟ್ರೆಪ್ಟೊಮೈಸಿಸ್‌ನ ಬೀಜಕಗಳು ತಡೆದುಕೊಳ್ಳುತ್ತವೆ. ಬ್ಯಾಸಿಲಸ್ ಬೀಜಕಗಳೂ ಉಳಿಯುತ್ತವೆ. ಅವನ್ನು ಹಿಂದಿಕ್ಕುವ ಕೆಲಸ ಮಾಧ್ಯಮದ್ದು, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಆಹಾರದ್ದು.

ಆ ಮಾಧ್ಯಮವೇ ಸ್ಟಾರ್ಚ್ ಕೇಸಿನ್ ಅಗರ್, ಒಂದು ಲೀಟರಿಗೆ: ಸ್ಟಾರ್ಚ್ 10 ಗ್ರಾಂ, ಕೇಸಿನ್ 0.3, ಪೊಟ್ಯಾಸಿಯಂ ನೈಟ್ರೇಟ್ 2, ಉಪ್ಪು 2, ಡೈಪೊಟ್ಯಾಸಿಯಂ ಫಾಸ್ಫೇಟ್ 2, ಮೆಗ್ನೀಸಿಯಂ ಸಲ್ಫೇಟ್ 0.05, ಕ್ಯಾಲ್ಸಿಯಂ ಕಾರ್ಬೊನೇಟ್ 0.02, ಫೆರಸ್ ಸಲ್ಫೇಟ್ 0.01, ಅಗರ್ 18. ಪಿಎಚ್ 7ರಿಂದ 7.2. ಆಟೊಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ) ಆದಮೇಲೆ 50 ಡಿಗ್ರಿಗೆ ಆರಿಸಿ, ಬೂಷ್ಟು ತಡೆಯಲು 50 ಮಿ.ಗ್ರಾಂ ಸೈಕ್ಲೊಹೆಕ್ಸಿಮೈಡ್ ಬೆರೆಸಿ. ಅದು ವಿಷ, ಕೈಗವಸು ಇರಲಿ. (ಅದನ್ನು ತಯಾರಿಸುವುದೂ ಸ್ಟ್ರೆಪ್ಟೊಮೈಸಿನ್ ಕೊಟ್ಟ ಸ್ಟ್ರೆಪ್ಟೊಮೈಸಿಸ್ ಗ್ರೀಸಿಯಸ್ಸೇ!)

1 ಗ್ರಾಂ ಮಣ್ಣನ್ನು 9 ಮಿ.ಲೀ. ಸ್ಟೆರೈಲ್ ಸಲೈನ್‌ನಲ್ಲಿ (ಕ್ರಿಮಿಶುದ್ಧ ಉಪ್ಪುನೀರಿನಲ್ಲಿ) ಕದಡಿ, ಹತ್ತು ಪಟ್ಟಿನಂತೆ ತೆಳುಗೊಳಿಸುತ್ತ ಹೋಗಿ. ಸಾವಿರ, ಹತ್ತು ಸಾವಿರ, ಲಕ್ಷ ಪಟ್ಟಿನ ದ್ರಾವಣಗಳಿಂದ 0.1 ಮಿ.ಲೀ. ಹರಡಿ, 28 ಡಿಗ್ರಿಯಲ್ಲಿ 7ರಿಂದ 14 ದಿನ ಬಿಡಿ. ಮೂರನೇ ದಿನ ಏನೂ ಕಾಣದಿದ್ದರೆ ಪ್ಲೇಟ್ ಎಸೆಯಬೇಡಿ. ಸುಣ್ಣದ ಪುಡಿ ಉದುರಿಸಿದಂತೆ ಕಾಣುವ, ತಂತಿಯ ಲೂಪಿನಿಂದ ಕೆದಕಿದರೂ ಅಗರ್ ಬಿಡದ ಗಟ್ಟಿ ಕಾಲೊನಿಗಳೇ ಬೇಕಾದವು. ಲೋಳೆಯಾಗಿ ಎದ್ದುಬರುವುದು ಬೇರೆ ಏನೋ. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಅದು ಸ್ಟ್ರೆಪ್ಟೊಮೈಸಿಸ್ ತಯಾರಿಸುವ ಜಿಯೊಸ್ಮಿನ್ ಎಂಬ ವಸ್ತುವಿನದು, ಒಳ್ಳೆಯ ಗುರುತು; ಆದರೆ ಪ್ಲೇಟಿಗೆ ಮೂಗು ಹಿಡಿಯಬೇಡಿ.

ಶುದ್ಧ ಕಾಲೊನಿಯನ್ನು ನ್ಯೂಟ್ರಿಯೆಂಟ್ ಅಗರ್ ಪ್ಲೇಟಿನ ನಡುವೆ ಒಂದೇ ಗೆರೆಯಾಗಿ ಎಳೆದು 5ರಿಂದ 7 ದಿನ ಬೆಳೆಸಿ. ಆಮೇಲಷ್ಟೇ ಅಂಚಿನಿಂದ ಗೆರೆಯತ್ತ, ತಾಗದಂತೆ, ಬ್ಯಾಸಿಲಸ್ ಸಬ್ಟಿಲಿಸ್ ಮತ್ತು ರೋಗಕಾರಕವಲ್ಲದ ಇ. ಕೋಲೈ ಎಳೆದು, 37 ಡಿಗ್ರಿಯಲ್ಲಿ 24 ಗಂಟೆ ಇಡಿ. ನಡುಗೆರೆಯನ್ನೂ ಈ ಬ್ಯಾಕ್ಟೀರಿಯಾಗಳನ್ನೂ ಒಂದೇ ದಿನ ಎಳೆಯುವುದು ವಿದ್ಯಾರ್ಥಿಗಳ ಸಾಮಾನ್ಯ ತಪ್ಪು: ಬೆಳವಣಿಗೆ ಕುಂಠಿತವಾಗುವ ಹೊತ್ತಿಗೇ ಸ್ಟ್ರೆಪ್ಟೊಮೈಸಿಸ್ ಆಂಟಿಬಯಾಟಿಕ್ ಸ್ರವಿಸುತ್ತದೆ. ಹೋಲಿಕೆಗೆ ನಡುಗೆರೆಯಿಲ್ಲದ ಕಂಟ್ರೋಲ್ ಪ್ಲೇಟ್ ಇರಲೇಬೇಕು.

ನಡುಗೆರೆಯಿಂದ ಎಷ್ಟು ದೂರದಲ್ಲಿ ಈ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಂತಿದೆ ಎಂಬುದನ್ನು ಮಿ.ಮೀ.ನಲ್ಲಿ ಅಳೆಯಿರಿ. ಇ. ಕೋಲೈಗೆ ಆಂಟಿಬಯಾಟಿಕ್ ಒಳಹೋಗದಂತೆ ತಡೆಯುವ ಹೊರಪೊರೆ ಇರುವುದರಿಂದ ಬ್ಯಾಸಿಲಸ್ ಮಾತ್ರ ಸೋಲುವುದೇ ಹೆಚ್ಚು. ಹೀಗೆ ತಡೆ ತೋರಿಸಿದ್ದು ಔಷಧವಲ್ಲ, ಮನುಷ್ಯರ ಜೀವಕೋಶಕ್ಕೂ ವಿಷವಾಗಬಹುದು. ಗಾಯಕ್ಕೆ ಎಂದೂ ಹಚ್ಚಬೇಡಿ. ತಡೆ ತೋರಿಸಿದ ತಳಿಯ ಬೀಜಕಗಳನ್ನು 20% ಗ್ಲಿಸರಾಲ್‌ನಲ್ಲಿ ಮೈನಸ್ 20 ಡಿಗ್ರಿಯಲ್ಲಿಡಿ. ಉಳಿದ ಪ್ಲೇಟುಗಳನ್ನು 121 ಡಿಗ್ರಿಯಲ್ಲಿ ಆಟೊಕ್ಲೇವ್ ಮಾಡಿಯೇ ಎಸೆಯಿರಿ.