ಚೆಂಡು ಹೊರಡುವ ದಿಕ್ಕನ್ನು ಮೊದಲು ಗಮನಿಸಿ

ಚೆಂಡು ಕ್ಲಬ್ (ಗಾಲ್ಫ್ ದಾಂಡು) ಬೀಸಿದ ಹಾದಿಯಲ್ಲೇ ಹೊರಟು, ಬಳಿಕ ಕ್ಲಬ್‌ನ ಮುಖ, ಅಂದರೆ ಚೆಂಡಿಗೆ ತಾಗುವ ಬದಿ, ನೋಡುತ್ತಿದ್ದ ಕಡೆಗೆ ಬಾಗುತ್ತದೆ ಎಂದು ಗಾಲ್ಫ್ ತರಬೇತುದಾರರು ಬಹುಕಾಲ ಹೇಳಿಕೊಡುತ್ತಿದ್ದರು. ಆದರೆ ರಾಡಾರ್ ಅಳತೆಗಳು ಬಂದ ಮೇಲೆ, ಹೊರಡುವ ದಿಕ್ಕನ್ನು ಮುಖ್ಯವಾಗಿ, ದೂರದ ಹೊಡೆತಕ್ಕೆ ಬಳಸುವ ಕ್ಲಬ್ ಆದ ಡ್ರೈವರ್‌ನಲ್ಲಂತೂ ಸುಮಾರು ಶೇ. 85ರಷ್ಟು, ತಾಗುವ ಕ್ಷಣದ ಮುಖದ ಕೋನವೇ ನಿರ್ಧರಿಸುತ್ತದೆ ಎಂಬುದು ಸ್ಪಷ್ಟವಾಯಿತು. ಮುಖಕ್ಕೂ ಹಾದಿಗೂ ಇರುವ ವ್ಯತ್ಯಾಸ ಚೆಂಡು ಸುತ್ತುವ ಅಕ್ಷವನ್ನು ವಾಲಿಸಿ ಹಾರಾಟವನ್ನು ಬಾಗಿಸುತ್ತದೆ. ಆದ್ದರಿಂದ ಬಲಗೈ ಆಟಗಾರರ ಚೆಂಡು ಎಡಕ್ಕೆ ಹೊರಟು ಬಲಕ್ಕೆ ಬಾಗಿದರೆ, ಮುಖ ಗುರಿಯ ಎಡಕ್ಕಿದ್ದು, ಹಾದಿ ಅದಕ್ಕಿಂತಲೂ ಎಡಕ್ಕಿದೆ ಎಂದರ್ಥ. ಆಗ ತಿದ್ದಬೇಕಾದದ್ದು ಮೊದಲು ಹಾದಿಯನ್ನು. ಚೆಂಡು ಮುಖದ ನಡುವೆ ತಾಗಿದ್ದರೆ ಮಾತ್ರ ಈ ಲೆಕ್ಕವನ್ನು ನಂಬಬಹುದು. ಅಭ್ಯಾಸದ ವೇಳೆ ಗುರಿಯ ನೇರಕ್ಕೆ ಕೆಲವು ಮೀಟರ್ ಮುಂದೆ ಒಂದು ಕೋಲು ನೆಟ್ಟು, ಚೆಂಡು ಅದರ ಯಾವ ಬದಿಯಿಂದ ದಾಟುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ.