ಬೆಳಗಿನ ಸ್ಟಾರ್ಟ್‌ನಲ್ಲಿ ಆರದ ಆಯಿಲ್ ಲೈಟ್: ಫಿಲ್ಟರ್ ಬದಲಿಸಿ ಸರಿಪಡಿಸಿದ್ದು

ಪೆಟ್ರೋಲ್ ಕಾರು, ಆಯಿಲ್ ಫಿಲ್ಟರ್ ಅಡ್ಡಡ್ಡ ಕೂರುವ ಇಂಜಿನ್. ರಾತ್ರಿಯಿಡೀ ನಿಂತ ಮೇಲೆ ಸ್ಟಾರ್ಟ್ ಮಾಡಿದರೆ ಆಯಿಲ್ ಲೈಟ್ (ಆಯಿಲ್ ಒತ್ತಡ ಕಡಿಮೆಯಿದ್ದರೆ ಉರಿಯುವ ದೀಪ) ನಾಲ್ಕೈದು ಸೆಕೆಂಡ್ ಆರುತ್ತಿರಲಿಲ್ಲ, ಜೊತೆಗೆ ಇಂಜಿನ್ ಮೇಲ್ಭಾಗದಿಂದ ಟಕಟಕ ಎನ್ನುವ ಟ್ಯಾಪೆಟ್ ಸದ್ದು. ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ತಕ್ಷಣ ಆರುತ್ತಿತ್ತು. ಆಯಿಲ್ ಪಂಪ್ ಸವೆದಿದ್ದರೆ ಬಿಸಿ ಇಂಜಿನ್ ಐಡಲ್‌ನಲ್ಲೇ ಲೈಟ್ ಮಿನುಗಬೇಕಿತ್ತು, ಹಾಗಾಗಲಿಲ್ಲ. ಡಿಪ್‌ಸ್ಟಿಕ್‌ನಲ್ಲಿ ಮಟ್ಟವೂ ಸರಿಯಿತ್ತು.

ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಫಿಲ್ಟರ್ ಬಿಚ್ಚಿದಾಗ ಅದು ಬಹುತೇಕ ಖಾಲಿ. ಒಳಗಿನ ಆಂಟಿ-ಡ್ರೈನ್‌ಬ್ಯಾಕ್ ವಾಲ್ವ್‌ನ (ಇಂಜಿನ್ ನಿಂತಾಗ ಆಯಿಲ್ ಫಿಲ್ಟರ್‌ನಿಂದ ಹಿಂದೆ ಹರಿಯದಂತೆ ತಡೆಯುವ ಮುಚ್ಚಳ) ನೈಟ್ರೈಲ್ ರಬ್ಬರ್ ಬಿಸಿಗೆ ಗಟ್ಟಿಯಾಗಿ, ಆಯಿಲ್ ಇಂಜಿನ್ ತಳದ ಸಂಪ್‌ಗೆ ಇಳಿದುಹೋಗಿತ್ತು. ಪಂಪ್ ಮೊದಲು ಫಿಲ್ಟರ್ ತುಂಬಿಸಬೇಕು, ಆಮೇಲಷ್ಟೇ ಬೇರಿಂಗ್‌ಗೆ ಆಯಿಲ್. ಸಿಲಿಕೋನ್ ವಾಲ್ವ್ ಇರುವ ಫಿಲ್ಟರ್ ಹಾಕಿದ ಮೇಲೆ ಲೈಟ್ ಸುಮಾರು ಒಂದು ಸೆಕೆಂಡಿಗೆ ಆರುತ್ತಿದೆ.

ಫಿಲ್ಟರ್ ಕೊಳ್ಳುವಾಗ ಥ್ರೆಡ್, ಗ್ಯಾಸ್ಕೆಟ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ವ್ಯಾಸದ ಜೊತೆಗೆ ಬೈಪಾಸ್ ವಾಲ್ವ್ (ಫಿಲ್ಟರ್ ಕಟ್ಟಿಕೊಂಡರೆ ಆಯಿಲ್‌ಗೆ ಬೇರೆ ದಾರಿ ಬಿಡುವುದು) ತೆರೆಯುವ ಒತ್ತಡವೂ ತಯಾರಕರ ಅಳತೆಗೆ ಹೊಂದಬೇಕು. ಡಬ್ಬಿ ಗಾತ್ರ ನೋಡಿ ಮಾತ್ರ ಆರಿಸಬೇಡಿ.

ಹಳೇ ಗ್ಯಾಸ್ಕೆಟ್ ಇಂಜಿನ್‌ಗೇ ಅಂಟಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಿ. ಎರಡು ಸೇರಿದರೆ ಆಯಿಲ್ ಸುರಿದುಹೋಗುತ್ತದೆ. ಹೊಸದಕ್ಕೆ ಆಯಿಲ್ ಸವರಿ, ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಮೊದಲೇ ತುಂಬಿಸುವುದಾದರೆ ಅಂಚಿನ ಸಣ್ಣ ತೂತುಗಳಿಂದಲೇ ಹಾಕಿ. ನಡುವಿನ ತೂತಿನಿಂದ ಹಾಕಿದ್ದು ಸೋಸದೆ ನೇರ ಬೇರಿಂಗ್‌ಗೆ ಹೋಗುತ್ತದೆ.

ದಪ್ಪ 20ಡಬ್ಲ್ಯು-50 ದರ್ಜೆಯ ಆಯಿಲ್ ಇದಕ್ಕೆ ಮದ್ದಲ್ಲ. ತಣ್ಣಗಿರುವಾಗ ಅದು ಹರಿಯುವುದು ಇನ್ನೂ ನಿಧಾನ.